ತಕ್ಕಡಿ ಅಕ್ಕ ಹಾಕದ ಸಹಿ

ತಕ್ಕಡಿ ಅಕ್ಕನಿಗೆ ಕೋಪ ಬಂದರೆ ಅಂಗಡಿಯಲ್ಲಿರುವ ಯಂತ್ರಗಳೆಲ್ಲ ಹೆದರಿ ತಾವಾಗಿಯೇ ಸೊನ್ನೆಗೆ ಬಂದು ನಿಲ್ಲುತ್ತವೆ ಎಂದು ಅವಳ ಅಣ್ಣ ಗಿರಾಕಿಗಳ ಮುಂದೆ ತಮಾಷೆ ಮಾಡುತ್ತಿದ್ದ. ಗಿರಾಕಿಗಳು ನಗುತ್ತಿದ್ದರು. ಅವಳೂ ನಗುತ್ತಿದ್ದಳು, ಯಾಕೆಂದರೆ ಅದರಲ್ಲಿ ಅರ್ಧ ನಿಜವಿತ್ತು. ಕೋಪ ಅವಳಿಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು, ಬಂದಷ್ಟೇ ಬೇಗ ಇಳಿದೂ ಹೋಗುತ್ತಿತ್ತು. ಆದರೆ ಆ ವರ್ಷದ ಕೊನೆಯಲ್ಲಿ ಬಂದ ಕೋಪ ಹಾಗೆ ಸಲೀಸಾಗಿ ಇಳಿಯುವಂಥದ್ದಾಗಿರಲಿಲ್ಲ.

ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ, ಬೀಗ ರಿಪೇರಿಯವನಿಗೂ ಹಳೆ ಟೈರಿನವನಿಗೂ ನಡುವೆ ಅವರ ಅಂಗಡಿ. ತೂಕದ ಯಂತ್ರಗಳ ರಿಪೇರಿ. ಚಿನ್ನದಂಗಡಿಯ ಗಾಜಿನ ಪೆಟ್ಟಿಗೆಯೊಳಗೆ ಕೂರುವ ಪುಟ್ಟ ತಕ್ಕಡಿಯಿಂದ ಹಿಡಿದು ಗೋದಾಮಿನ ನೆಲದಲ್ಲಿ ಹೂತಿರುವ ಭಾರಿ ಯಂತ್ರದವರೆಗೆ ಎಲ್ಲವೂ ಅವರ ಕೈಗೆ ಬರುತ್ತಿದ್ದವು. ಅಪ್ಪ ಮಾಡಿಟ್ಟ ಅಂಗಡಿ ಅದು. ಅಣ್ಣ ಚೀಲ ಹೆಗಲಿಗೇರಿಸಿ ಊರೆಲ್ಲ ತಿರುಗಿ ಯಂತ್ರ ಬಿಚ್ಚಿ ಜೋಡಿಸುವವನು. ಅವಳು ಅಂಗಡಿಯಲ್ಲಿ ಕೂತು ಫೋನು, ಬಿಲ್ಲು, ಸಣ್ಣ ತಕ್ಕಡಿಗಳ ರಿಪೇರಿ ನೋಡಿಕೊಳ್ಳುವವಳು. ಮದುವೆಯಾಗಿರಲಿಲ್ಲ. ಯಾಕೆಂದು ಯಾರಾದರೂ ಕೇಳಿದರೆ, "ಬಂದವರನ್ನೆಲ್ಲ ತೂಗಿ ನೋಡ್ದೆ, ಕಡಿಮೆ ಬಿದ್ರು" ಎನ್ನುತ್ತಿದ್ದಳು. ಅಲ್ಲಿಗೆ ಆ ಮಾತು ಮುಗಿಯುತ್ತಿತ್ತು.

ವರ್ಷದ ಕೊನೆಯ ತಿಂಗಳು ಬಂತೆಂದರೆ ಅವಳಿಗೆ ಇನ್ನೊಂದು ಕೆಲಸ ಸೇರಿಕೊಳ್ಳುತ್ತಿತ್ತು. ಗಿರಾಕಿಗಳಿಗೆಲ್ಲ ಹೊಸ ವರ್ಷದ ಶುಭಾಶಯದ ಕಾರ್ಡು ಕಳಿಸುವುದು. ಅಪ್ಪನ ಕಾಲದಿಂದ ಬಂದ ರೂಢಿ. ಅದನ್ನು ಅವಳು ಒಂದು ವ್ರತದ ಹಾಗೆ ಹಿಡಿದುಕೊಂಡಿದ್ದಳು. ಕಾರ್ಡಿನೊಳಗೆ ಅಂಗಡಿಯ ಮೊಹರು ಒತ್ತಲು ಬಿಡುತ್ತಿರಲಿಲ್ಲ. "ಮೊಹರು ಇರೋದು ಬಿಲ್ಲಿಗೆ" ಎನ್ನುತ್ತಿದ್ದಳು. ಶುಭಾಶಯದ ಜೊತೆ ದರಪಟ್ಟಿಯನ್ನೋ ರಿಯಾಯಿತಿಯ ಚೀಟಿಯನ್ನೋ ಇಡುವುದೆಂದರೆ ಮನೆಗೆ ಊಟಕ್ಕೆ ಕರೆದು ಬಾಗಿಲಲ್ಲಿ ಟಿಕೆಟ್ ಹರಿದಂತೆ ಎನ್ನುವುದು ಅವಳ ಅಭಿಪ್ರಾಯ. ಗೋದಾಮಿನ ಮ್ಯಾನೇಜರನಿಗೆ ಹೋಗುವ ಕಾರ್ಡೇ ತರಕಾರಿ ಗಾಡಿಯವಳಿಗೂ ಹೋಗಬೇಕು. ಇಬ್ಬರೂ ಒಂದೇ ಕಡೆ ಚಹಾ ಕುಡಿಯುತ್ತಾರೆ, ಒಬ್ಬರದು ದೊಡ್ಡದು ಒಬ್ಬರದು ಚಿಕ್ಕದು ಅಂತಾದರೆ ಮಧ್ಯಾಹ್ನದೊಳಗೆ ಮುಖ ತಿರುಗುತ್ತದೆ. ವಿಳಾಸ ಕೈಯಲ್ಲೇ ಬರೆಯಬೇಕು. ಒಳಗೆ ಅವರಿಗೆ ಮಾತ್ರ ಹೊಂದುವ ಒಂದು ಸಾಲಾದರೂ ಇರಬೇಕು. ಮಗಳ ಮುರಿದ ಕಾಲು ಸರಿಹೋಯಿತೇ, ಹೊಸ ಅಂಗಡಿಗೆ ಗಾಳಿ ಬೆಳಕು ಚೆನ್ನಾಗಿದೆಯೇ, ಇಂಥದ್ದು. ಸಾವಾದ ಮನೆಗೆ ಆ ವರ್ಷ ಬಣ್ಣದ ಕಾರ್ಡು ಹೋಗಬಾರದು. ಬಿಳಿ ಕಾರ್ಡು, ಎರಡು ಸಾಲು, ಅಷ್ಟೇ.

ಕೊನೆಗೆ ಸಹಿ. ಸಹಿಯ ಕೆಳಗೆ ಅವಳು ಒಂದು ಅಡ್ಡಗೆರೆ ಎಳೆದು ಅದರ ಎರಡು ತುದಿಗೆ ಎರಡು ಪುಟ್ಟ ತಟ್ಟೆ ತೂಗುಹಾಕುತ್ತಿದ್ದಳು. ಚಿಕ್ಕವಳಿದ್ದಾಗ ಅಪ್ಪ ಕಲಿಸಿದ ಚಿತ್ರ. ಎಷ್ಟೇ ಎಚ್ಚರವಾಗಿ ಎಳೆದರೂ ಒಂದು ತಟ್ಟೆ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಕೆಳಗೆ ಬೀಳುತ್ತಿತ್ತು. ಆ ತಟ್ಟೆಗಳಿಂದಲೇ ಅವಳಿಗೆ ತಕ್ಕಡಿ ಅಕ್ಕ ಎಂಬ ಹೆಸರು ಅಂಟಿಕೊಂಡದ್ದು.

ಹೆಸರಿಟ್ಟವರು ಬೇಕರಿಯ ಯಜಮಾನರು. ಅಪ್ಪ ತೀರಿಕೊಂಡಾಗ, ಇನ್ನು ಈ ಅಂಗಡಿಯ ಬಾಗಿಲು ಹಾಕಿದಂತೆಯೇ ಎಂದು ಎಲ್ಲರೂ ತೀರ್ಮಾನಿಸಿದ್ದ ಹೊತ್ತಿನಲ್ಲಿ, ತಮ್ಮ ಹಿಟ್ಟು ತೂಗುವ ಯಂತ್ರವನ್ನು ತಾವೇ ಹೊತ್ತು ತಂದು ಮೇಜಿನ ಮೇಲಿಟ್ಟು, "ನಿಮ್ಮಪ್ಪ ಇದನ್ನ ಹಟ ಮಾಡೋ ಮಗು ಅಂತಿದ್ರು, ಸಮಾಧಾನ ಮಾಡಿ ಕೊಡಿ" ಎಂದವರು ಅವರು. ಅಂದಿನಿಂದ ಪ್ರತಿ ವರ್ಷ ಅವಳ ಕಾರ್ಡನ್ನು ಗಲ್ಲಾಪೆಟ್ಟಿಗೆಯ ಪಕ್ಕದ ಯಂತ್ರಕ್ಕೆ ಒರಗಿಸಿಟ್ಟುಕೊಂಡು, ಮುಂದಿನ ವರ್ಷದ್ದು ಬರುವವರೆಗೂ ತೆಗೆಯುತ್ತಿರಲಿಲ್ಲ. ಕಾರ್ಡು ತಲುಪಿದ ದಿನ ಫೋನು ಮಾಡುತ್ತಿದ್ದರು. "ಏನಮ್ಮ ತಕ್ಕಡಿ ಅಕ್ಕ, ಈ ಸಲ ಎಡಗಡೆ ತಟ್ಟೆ ಕೆಳಗಿದೆ. ನಮ್ಮ ಯಂತ್ರ ಸರಿ ಮಾಡೋರ ತಕ್ಕಡೀನೇ ಹೀಗಿದ್ರೆ ನಾವು ಯಾರನ್ನ ನಂಬೋಣ?" ವರ್ಷವೂ ಅದೇ ಹಾಸ್ಯ. ವರ್ಷವೂ ಅವಳು ಅದಕ್ಕಾಗಿ ಕಾಯುತ್ತಿದ್ದಳು.

ಆ ವರ್ಷ ಬೇಸಿಗೆಯಲ್ಲಿ ಯಜಮಾನರು ತೀರಿಕೊಂಡರು. ಅವಳು ಅವರ ಮನೆಗೆ ಹೋಗಿ ಬಂದಿದ್ದಳು. ಬೇಕರಿಯನ್ನು ಅವರ ಹೆಂಡತಿ ನಡೆಸತೊಡಗಿದರು. ಓಣಿಯವರೆಲ್ಲ ಅವರನ್ನು ಬೇಕರಿಯಮ್ಮ ಎನ್ನುತ್ತಿದ್ದರು. ಮುಂದಿನ ಬಿಲ್ಲಿನ ಹೊತ್ತಿಗೆ ಅವರು ತಕ್ಕಡಿ ಅಕ್ಕನಿಗೆ ಫೋನು ಮಾಡಿ ಒಂದು ಮಾತು ಹೇಳಿದರು. "ಬಿಲ್ಲಲ್ಲಿ ಹೆಸರು ಬದಲಾಯಿಸ್ಬೇಡಮ್ಮ. ಅವರದೇ ಇರ್ಲಿ." ಅವಳು ಸರಿ ಎಂದಳು. ಕಂಪ್ಯೂಟರಿನಲ್ಲಿ ಹೆಸರು ಹಾಗೇ ಉಳಿಯಿತು.

ವರ್ಷದ ಕೊನೆ ಬಂತು. ಆ ಸಲ ಅವಳ ಬಲಗೈ ಮಣಿಕಟ್ಟು ಊದಿಕೊಂಡಿತ್ತು. ತಿರುಪು ತಿರುಗಿಸಿದರೂ ನೋವು, ಪೆನ್ನು ಹಿಡಿದರೂ ನೋವು. ಬೇಕರಿಯಮ್ಮನಿಗೆಂದು ಬಿಳಿ ಕಾರ್ಡು ತಂದಿಟ್ಟುಕೊಂಡಿದ್ದಳು. ಆದರೆ ನಿಜ ಹೇಳಬೇಕೆಂದರೆ ಆ ಕಾರ್ಡಿಗೆ ತಡವಾದದ್ದು ಕೈ ನೋವಿನಿಂದಲ್ಲ, ಎರಡು ಸಾಲು ಹೊಳೆಯದ್ದರಿಂದ. ಏನು ಬರೆದರೂ ಅಂಗಡಿಯಲ್ಲಿ ಸಿಗುವ ಮಾತಿನ ಹಾಗೆ ಕಾಣುತ್ತಿತ್ತು. ಇವತ್ತು ಬೇಡ ನಾಳೆ ಎಂದು ಕಾರ್ಡನ್ನು ಚೀಲದಲ್ಲಿ ಇಟ್ಟುಕೊಂಡೇ ತಿರುಗಿದಳು.

ಒಂದು ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದು ಕೂತಿದ್ದಳಷ್ಟೇ, ಫೋನು ಬಂತು. ಬೇಕರಿಯಮ್ಮ.

"ನಮ್ಮೆಜಮಾನ್ರಿಗೆ ನೀನು ದೀರ್ಘಾಯುಸ್ಸು ಹಾರೈಸಿದ್ದೀಯಮ್ಮ. ಅವರಿಗೆ ತಲುಪಿಸೋದು ಹೇಗೆ ಅಂತ ಕೇಳೋಣ ಅಂತ ಮಾಡ್ದೆ."

"ಅಮ್ಮ, ನೀವೇನು ಹೇಳ್ತಿದ್ದೀರೋ ನನಗೆ ಗೊತ್ತಾಗ್ಲಿಲ್ಲ."

"ನನಗೂ ಗೊತ್ತಾಗ್ಲಿಲ್ಲ. ಹದಿನೈದನೇ ತಾರೀಖಿನೊಳಗೆ ಸರ್ವಿಸ್ ಮಾಡಿಸಿದ್ರೆ ರಿಯಾಯಿತಿ ಅಂತಾನೂ ಇದೆ. ಅವರು ಬಂದು ಮಾಡಿಸ್ಕೋತಾರೋ ಏನೋ, ಕೇಳಿ ಹೇಳ್ತೀನಿ." ಫೋನು ಕಟ್ಟಾಯಿತು.

ಅವಳು ಕೂಡಲೇ ತಿರುಗಿ ಮಾಡಿದರೆ ಬೇಕರಿಯಮ್ಮ ಎತ್ತಲಿಲ್ಲ. ಅಷ್ಟರಲ್ಲಿ ಗೋದಾಮಿನ ಮ್ಯಾನೇಜರ್ ಫೋನು ಮಾಡಿದ. "ಅಕ್ಕ, ಕಾರ್ಡ್ ಬಂತು. ಏನಕ್ಕ, ನೀವೂ ರಿಯಾಯಿತಿ ಶುರು ಮಾಡ್ಬಿಟ್ರಾ?" ಎಂದು ನಕ್ಕ. ಅವಳು ಎದ್ದು ಹಿಂದಿನ ಕೋಣೆಗೆ ಹೋಗಿ ಅಣ್ಣನ ಕಪಾಟು ತೆಗೆದಳು. ಹಳೆ ಯಂತ್ರದ ತಟ್ಟೆಗಳ ಹಿಂದೆ ಕಾರ್ಡುಗಳ ಒಂದು ಕಟ್ಟು ಉಳಿದಿತ್ತು. ಹೊಳೆಯುವ ಕಾಗದ, ಅಂಚಿಗೆ ಬಂಗಾರದ ಗೆರೆ. ಒಳಗೆ, "ಈ ಹೊಸ ವರ್ಷ ತಮಗೆ ಆಯುರಾರೋಗ್ಯ ತರಲಿ." ಅದರ ಕೆಳಗೆ ಚೌಕದಲ್ಲಿ ರಿಯಾಯಿತಿ. ಎಲ್ಲಕ್ಕಿಂತ ಕೆಳಗೆ ಅವಳ ಸಹಿ, ಅಡ್ಡಗೆರೆ, ಎರಡು ತಟ್ಟೆ.

ಒಂದೊಂದಾಗಿ ತೆಗೆದು ನೋಡಿದಳು. ಎಲ್ಲದರಲ್ಲೂ ಎಡಗಡೆಯ ತಟ್ಟೆ ಒಂದೇ ಸಮ ಕೆಳಗೆ.  ಯಾರೋ ತನ್ನ ಧ್ವನಿಯಲ್ಲಿ ಊರ ತುಂಬ ಮಾತಾಡಿ ಬಂದಿದ್ದರು. ತಾನು ಮಾತ್ರ ಏನೂ ತಿಳಿಯದೆ ಇಲ್ಲಿ ಕೂತು ಬೆಳಗಿನ ಚಹಾ ಕುಡಿಯುತ್ತಿದ್ದಳು.

ಅಣ್ಣ ಮಧ್ಯಾಹ್ನ ಬಂದ. ಬಾಗಿಲಲ್ಲೇ ಅವಳ ಮುಖ ನೋಡಿದ, ಆದರೆ ಅರ್ಥ ಮಾಡಿಕೊಳ್ಳಲಿಲ್ಲ.

"ಕಾರ್ಡ್ ಕಳಿಸಿದ್ದು ಯಾರು?" ಎಂದಳು.

ಅಣ್ಣನ ಮುಖ ಅರಳಿತು. "ಬಂತಾ ಆಗ್ಲೇ ಫೋನು? ನಿನಗೆ ಗೊತ್ತಾಗ್ದೇ ಇರ್ಲಿ ಅಂತಿದ್ದೆ ಕಣೇ. ಆ ಕೈ ಇಟ್ಕೊಂಡು ಎಷ್ಟಂತ ಬರೀತೀಯ? ಪ್ರೆಸ್ಸಿನವನ ಹತ್ರ ಮಾಡಿಸ್ಬಿಟ್ಟೆ. ಹೋದ ವರ್ಷದ್ದೊಂದು ಕಾರ್ಡ್ ಉಳಿದಿತ್ತಲ್ಲ, ಅದರಿಂದ ನಿನ್ನ ಸಹಿ ಎತ್ತಿದ. ಥೇಟ್ ನಿಂದೇ. ನೋಡಿದ್ಯಾ?"

"ನೋಡ್ದೆ."

"ಚೆನ್ನಾಗಿಲ್ವಾ?"

"ಬೇಕರಿಗೂ ಹೋಗಿದೆ."

"ಎಲ್ಲರಿಗೂ ಹೋಗಿದೆ. ಕಂಪ್ಯೂಟರಿಂದ ವಿಳಾಸ ತೆಗೆದು ಕೊಟ್ಟೆ, ಅವನೇ ಅಂಟಿಸಿ ಅಂಚೆಗೆ ಹಾಕ್ದ. ಒಬ್ಬರನ್ನೂ ಬಿಟ್ಟಿಲ್ಲ."

"ಬೇಕರಿಗೆ ಯಾರ ಹೆಸರಿಗೆ ಹೋಗಿದೆ ಅಣ್ಣ?"

ಅಣ್ಣ ಹೇಳಲೆಂದು ಬಾಯಿ ತೆರೆದವನು ಹಾಗೇ ನಿಂತ. ಹೆಗಲ ಚೀಲ ಜಾರಿ ಮೊಣಕೈಗೆ ಬಂತು, ಒಳಗಿನ ತೂಕದ ಕಲ್ಲುಗಳು ಒಂದಕ್ಕೊಂದು ತಾಗಿ ಸದ್ದಾಯಿತು. ಊರೆಲ್ಲ ಮಾತಾಡಿಸಿಕೊಂಡು ಬರುವ ಮನುಷ್ಯ, ಹರಳೆಣ್ಣೆ ಕುಡಿದವನಂತೆ ಮುಖ ಮಾಡಿಕೊಂಡು ಸ್ಟೂಲಿನ ಮೇಲೆ ಕೂತ.

"ನಾನು ನೋಡ್ಲೇ ಇಲ್ಲ" ಎಂದ.

"ನೋಡ್ಲಿಲ್ಲ. ನೋಡೋ ಕೆಲಸಾನೇ ಇಲ್ವಲ್ಲ, ಯಂತ್ರ ನೋಡುತ್ತೆ. ಸಹೀನೂ ಅದೇ ಹಾಕುತ್ತೆ. ನನ್ನನ್ನ ಕೇಳೋದ್ಯಾಕೆ? ನಾನು ಬದುಕಿದ್ದೀನಿ ಅಂತಾದ್ರೂ ನೆನಪಿತ್ತಾ ನಿನಗೆ?"

"ನಿನ್ನ ಕೈ ನೋವಿಗೆ ಅಂತ ಮಾಡಿದ್ದು."

"ಕೈ ನೋವಿಗೆ ಮುಲಾಮು ತರ್ಬೇಕಿತ್ತು."

ಅಣ್ಣ ಚೀಲ ನೆಲಕ್ಕಿಳಿಸಿದ. ಆಮೇಲೆ ಮೆಲ್ಲಗೆ, "ಒಂದು ಕೆಲಸ ಮಾಡು. ಅವರಿಗೆ ಫೋನ್ ಮಾಡಿ, ಪ್ರೆಸ್ಸಿನವನು ಎಡವಟ್ಟು ಮಾಡ್ದ ಅಂತ ಹೇಳ್ಬಿಡು. ಅವನಿಗೇನೂ ಆಗಲ್ಲ, ಅವನ್ಯಾರೋ ಅವರಿಗೇನು ಗೊತ್ತು" ಎಂದ.

ಆ ಮಾತಿಗೆ ಅವಳಿಗೆ ನಿಜವಾಗಿ ತಲೆ ಕೆಟ್ಟಿತು. "ಸಹಿ ನಂದು, ಮಾಡಿದ್ದು ನೀನು, ತಪ್ಪು ಪ್ರೆಸ್ಸಿನವನದು. ಹೀಗೆ ಹಂಚಿಕೊಂಡು ಹೋದ್ರೆ ಯಾರಿಗೂ ಭಾರ ಇಲ್ಲ ಅಲ್ವಾ? ನಮ್ಮಮ್ಮನಿಗೆ ಅಪ್ಪನ ಹೆಸರಿನ ಆ ಕಾರ್ಡ್ ಬಂದ ದಿನ ನೀನೂ ಮನೇಲೇ ಇದ್ದೆ ಕಣಣ್ಣ. ನೀನೇ ಅಂಚೆಯವನ ಕೈಯಿಂದ ತಗೊಂಡಿದ್ದು."

ಇಬ್ಬರಿಗೂ ಅದು ಗೊತ್ತಿದ್ದ ಕತೆ. ಅಪ್ಪ ತೀರಿಕೊಂಡ ವರ್ಷವೇ, ಬಿಡಿಭಾಗ ಒದಗಿಸುತ್ತಿದ್ದ ಒಂದು ಕಂಪನಿಯಿಂದ ಅಪ್ಪನ ಹೆಸರಿಗೆ ಶುಭಾಶಯ ಬಂದಿತ್ತು. ಸುಖ, ಸಮೃದ್ಧಿ, ಆಯುಸ್ಸು. ಕೆಳಗೆ ಯಾರೋ ದೊಡ್ಡವರ ಅಚ್ಚಾದ ಸಹಿ. ಅಪ್ಪ ಸತ್ತ ಸುದ್ದಿಯನ್ನು ಆ ಕಂಪನಿಗೆ ಪತ್ರ ಬರೆದು ತಿಳಿಸಿಯೂ ಆಗಿತ್ತು. ಅಮ್ಮ ಕಾರ್ಡನ್ನು ಓದಿಸಿಕೊಂಡು, ಒಂದು ಮಾತೂ ಆಡದೆ, ಅಡುಗೆಮನೆಯ ಕಪಾಟಿನಲ್ಲಿ ಸಕ್ಕರೆ ಡಬ್ಬಿಯ ಪಕ್ಕ ನಿಲ್ಲಿಸಿದಳು. ಅದು ಅಲ್ಲೇ ನಿಂತಿತ್ತು. ಚಹಾ ಮಾಡುವಾಗಲೆಲ್ಲ ಕಣ್ಣಿಗೆ ಬೀಳುತ್ತಿತ್ತು. ತೆಗೆಯಲು ಹೋದವರ ಕೈಗೆ ಅಮ್ಮ ಸೌಟಿನಿಂದ ಬಡಿಯುತ್ತಿದ್ದಳು.

"ಅಮ್ಮ ಅದನ್ನ ಇಷ್ಟಪಟ್ಟು ಇಟ್ಕೊಂಡಿದ್ದಳು" ಎಂದ ಅಣ್ಣ. "ಊರೆಲ್ಲ ಅಪ್ಪ ಸತ್ತ ಅಂತ ಮಾತಾಡ್ತಿದ್ದಾಗ ಅದೊಂದು ಕಾಗದ ಮಾತ್ರ ಅಪ್ಪನ ಹತ್ರ ಮಾತಾಡ್ತಿತ್ತು. ಅದಕ್ಕೇ ಇಟ್ಕೊಂಡಳು."

"ಹೊಟ್ಟೆ ಉರೀಲಿ ಅಂತ ಇಟ್ಕೊಂಡಿದ್ದು. ಮರೀಬಾರ್ದು ಅಂತ."

"ನಿನಗೆ ಹೇಳಿದ್ದಳಾ?"

"ನಿನಗೆ ಹೇಳಿದ್ದಳಾ?"

ಅಮ್ಮ ಯಾರಿಗೂ ಹೇಳಿರಲಿಲ್ಲ. ಈಗ ಕೇಳಲು ಅಮ್ಮ ಇರಲಿಲ್ಲ. ಅಣ್ಣ ಸ್ಟೂಲಿನಿಂದ ಎದ್ದು, "ಬಿಲ್ಲಿಗೆ ಅವರ ಹೆಸರು ಇರ್ಬಹುದು, ಕಾರ್ಡಿಗೆ ಇರ್ಬಾರ್ದು ಅಂದ್ರೆ ಅದು ನನ್ನಂಥವನಿಗೆ ಹೇಗೆ ಗೊತ್ತಾಗ್ಬೇಕು?" ಎಂದ. ಹೆಸರು ಬದಲಾಯಿಸಬೇಡ ಎಂದು ಬೇಕರಿಯಮ್ಮನೇ ಕೇಳಿಕೊಂಡದ್ದನ್ನು ಅವಳು ಹೇಳಿದಳು. ಅದು ಅವನ ಪ್ರಶ್ನೆಗೆ ಉತ್ತರವಾಗದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ಪ್ರೆಸ್ಸಿನವನ ಅಂಗಡಿ ಎರಡು ತಿರುವು ಆಚೆಗಿತ್ತು. ಅವನು ಅವಳನ್ನು ನೋಡಿ ಸ್ಟೂಲು ಒರೆಸಿದ. "ಬನ್ನಿ ಅಕ್ಕ. ಹೇಗಿದೆ ಕಾರ್ಡು? ಆ ಬಂಗಾರದ ಗೆರೆ ನಾನೇ ಸೇರಿಸಿದ್ದು, ಅಣ್ಣ ಕೇಳಿರ್ಲಿಲ್ಲ."

"ನನ್ನ ಸಹಿ ಎಲ್ಲಿದೆ?"

"ಇಲ್ಲೇ ಇದೆ, ಕಂಪ್ಯೂಟರಲ್ಲಿ. ಭದ್ರವಾಗಿದೆ. ನೀವಿನ್ನು ಜನ್ಮದಲ್ಲಿ ಪೆನ್ನು ಮುಟ್ಟೋದು ಬೇಡ, ಪ್ರತಿ ವರ್ಷ ಇದೇ ಆಗುತ್ತೆ."

"ನಾನು ಸತ್ತ ಮೇಲೂ ಆಗುತ್ತಾ?"

"ಯಾಕಾಗಲ್ಲ ಅಕ್ಕ, ಆಗುತ್ತೆ" ಎಂದ ಅವನು, ತುಂಬು ಹೆಮ್ಮೆಯಿಂದ.

"ಅಳಿಸು."

ಅವನು ನಗಲು ಹೋಗಿ ಅವಳ ಕಣ್ಣು ನೋಡಿ ನಿಲ್ಲಿಸಿದ. ಅವಳು ಅವನ ಬೆನ್ನ ಹಿಂದೆ ನಿಂತು, ಪರದೆಯ ಮೇಲೆ ತನ್ನ ಹೆಸರೂ ಎರಡು ತಟ್ಟೆಗಳೂ ದೊಡ್ಡದಾಗಿ ಮೂಡಿ ಇಲ್ಲವಾಗುವುದನ್ನು ನೋಡಿದಳು. ಇನ್ನೆಲ್ಲಾದರೂ ಇಟ್ಟಿದ್ದೀಯಾ ಎಂದು ಕೇಳಿ, ಅದನ್ನೂ ಅಳಿಸಿಸಿ, ಆಮೇಲೆ ಹೊರಗೆ ಬಂದಳು. ಸಮಾಧಾನವಾಗಲಿಲ್ಲ. ಅಳಿಸಿದ್ದು ಕಂಪ್ಯೂಟರಿನೊಳಗಿನದು. ಊರಲ್ಲಿ ಹಂಚಿಹೋದದ್ದನ್ನು ಅಳಿಸುವವರು ಯಾರು?

ಮನೆಯಲ್ಲಿ ಅವಳೂ ಅಣ್ಣನೂ ಮಾತು ಬಿಟ್ಟರು. ನಡುವೆ ಸಿಕ್ಕಿಹಾಕಿಕೊಂಡವಳು ಅತ್ತಿಗೆ. ಒಬ್ಬರಿಗೆ ಬಡಿಸಿ, ಅವರು ಎದ್ದ ಮೇಲೆ ಇನ್ನೊಬ್ಬರನ್ನು ಕರೆಯುತ್ತಿದ್ದಳು. ಕೊನೆಗೆ ಪಾತ್ರೆ ಕುಕ್ಕಿ ತಕ್ಕಡಿ ಅಕ್ಕನ ಎದುರೇ ಕೂತಳು.

"ಹೇಳು, ಬೇಕರಿ ಕೆಲಸ ಹೋಗುತ್ತೆ ಅಂತ ಹೆದರಿಕೆನಾ?"

"ಹೋದ್ರೆ ಹೋಗ್ಲಿ ಅತ್ತಿಗೆ. ಇನ್ನೊಂದು ಬರುತ್ತೆ."

"ಮತ್ತೇನು ನಿನಗೆ?"

"ಆ ಅಮ್ಮ ನನ್ನನ್ನ ಅಂಥವಳು ಅಂದ್ಕೊಂಡಿದ್ದಾರೆ. ಇನ್ನು ಇರೋವರೆಗೂ ಹಾಗೇ ಅಂದ್ಕೊಂಡಿರ್ತಾರೆ. ಅವರ ಯಜಮಾನ್ರು ನನ್ನ ಕಾರ್ಡನ್ನ ಯಂತ್ರದ ಪಕ್ಕ ಇಟ್ಕೊಳ್ತಿದ್ರು. ಅಂಥವರು ಸತ್ತದ್ದೂ ನೆನಪಿಲ್ಲದವಳು ನಾನು ಅಂತ."

ಅತ್ತಿಗೆ ಸೆರಗಿನಿಂದ ಮೇಜಿನ ಮೇಲಿನ ನೀರು ಒರೆಸಿದಳು. "ಹಾಗಾದ್ರೆ ಇಲ್ಲಿ ಕೂತು ಮೈ ಪರಚಿಕೊಂಡ್ರೆ ಏನಾಗುತ್ತೆ? ಹೋಗಿ ಹೇಳು."

"ಏನಂತ ಹೇಳ್ಲಿ? ನಾನಲ್ಲ, ನಮ್ಮಣ್ಣ ಅಂತಾನಾ? ಹೇಳಿದ್ರೆ ನಾನು ಉಳ್ಕೊಳ್ತೀನಿ, ಅವನು ಮುಳುಗ್ತಾನೆ. ಹೇಳ್ದಿದ್ರೆ ನಾನು ಮುಳುಗ್ತೀನಿ."

"ನಿಮ್ಮಣ್ಣನನ್ನೂ ಕರ್ಕೊಂಡು ಹೋಗು. ಮುಳುಗೋದಾದ್ರೆ ಇಬ್ಬರೂ ಮುಳುಗಿ. ನನಗೂ ಎರಡೆರಡು ಸಲ ಬಡಿಸೋದು ತಪ್ಪುತ್ತೆ."

ಮರುದಿನ ಮಧ್ಯಾಹ್ನ, ಬೇಕರಿಯಲ್ಲಿ ಜನ ಕಡಿಮೆ ಇರುವ ಹೊತ್ತಿಗೆ ಇಬ್ಬರೂ ಹೋದರು.  ಅವಳು ಮುಂದೆ, ಅಣ್ಣ ಚೀಲ ಹೊತ್ತುಕೊಂಡು ಹಿಂದೆ. ಚೀಲ ಯಾಕೆ ತಂದ ಎಂದು ಅವಳು ಕೇಳಲಿಲ್ಲ. ಅದಿಲ್ಲದೆ ಹೊರಗೆ ಕಾಲಿಡುವುದು ಅವನಿಗೆ ಗೊತ್ತಿರಲಿಲ್ಲ.

ಒಲೆ ಆರಿಸಿದ್ದರು, ಆದರೂ ಒಳಗಿನ ಗಾಳಿ ಬಿಸಿಯಾಗಿತ್ತು. ಗಾಜಿನ ಕಪಾಟಿನ ಹಿಂದೆ ಬೇಕರಿಯಮ್ಮ ನಿಂತಿದ್ದರು. ಗಲ್ಲಾಪೆಟ್ಟಿಗೆಯ ಪಕ್ಕದ ಯಂತ್ರಕ್ಕೆ ಹೋದ ವರ್ಷದ ಕಾರ್ಡು ಒರಗಿಕೊಂಡೇ ಇತ್ತು, ಅಂಚೆಲ್ಲ ಜಿಡ್ಡಾಗಿ, ಮೇಲೆ ಹಿಟ್ಟಿನ ಧೂಳು ಕೂತು. ಹೊಳೆಯುವ ಹೊಸ ಕಾರ್ಡು ಬೋರಲಾಗಿ ಬಿಲ್ಲುಗಳ ಕೆಳಗೆ ಬಿದ್ದಿತ್ತು. ಬೇಕರಿಯಮ್ಮ ಅವರಿಬ್ಬರನ್ನು ನೋಡಿದರು, ಕೂರಿ ಎನ್ನಲಿಲ್ಲ. ಎದುರಿದ್ದ ಮುದುಕನಿಗೆ ಬನ್ನು ಕಟ್ಟಿ ಕೊಟ್ಟು, ಚಿಲ್ಲರೆ ಎಣಿಸಿ ಕೊಟ್ಟು, ಬಟ್ಟೆಯಿಂದ ಗಾಜು ಒರೆಸಿ, ಆಮೇಲೆ ಆ ಕಾರ್ಡನ್ನು ಎಳೆದು ಅವಳ ಮುಂದೆ ಇಟ್ಟರು.

"ಈ ಸಹಿ ನಿಂದೇ ತಾನೇ?"

"ನಂದೇ. ನಾನು ಹಾಕಿಲ್ಲ."

"ಹಾಗಂದ್ರೇನಮ್ಮ? ನಿಂದು, ಆದರೆ ನೀನು ಹಾಕಿಲ್ಲ. ಇದೇನು ಒಗಟಾ?"

ಅಣ್ಣ ಮುಂದೆ ಬಂದ. "ಅದು ಅಮ್ಮ, ಪ್ರೆಸ್ಸಿನವನು ಏನು ಮಾಡ್ದ ಅಂದ್ರೆ..." ಎಂದು ಶುರು ಮಾಡಿದ. ತಂಗಿ ಅವನ ಕಡೆ ತಿರುಗಲೂ ಇಲ್ಲ. ಅವನ ಮಾತು ಅಲ್ಲಿಗೇ ನಿಂತಿತು. ಮತ್ತೆ ಶುರು ಮಾಡಿ, "ನಾನು ಮಾಡಿದ್ದಮ್ಮ. ಇವಳ ಕೈ ನೋವು ಅಂತ ಅಚ್ಚು ಹಾಕಿಸಿ ಕಳಿಸ್ಬಿಟ್ಟೆ. ಇವಳಿಗೆ ಗೊತ್ತೇ ಇರ್ಲಿಲ್ಲ. ಬಿಲ್ಲಿನ ಹೆಸರೇ ಕಾರ್ಡಿಗೂ ಹೋಯ್ತು. ಬಿಲ್ಲಲ್ಲಿ ಅವರ ಹೆಸರು ಇರ್ಲಿ ಅಂತ ನೀವೇ ಹೇಳಿದ್ರಿ ಅಂತ ಆಮೇಲೆ ಗೊತ್ತಾಯ್ತು" ಎಂದ.

"ಓ, ನಾನು ಹೇಳಿದ್ದೇ ತಪ್ಪಾಯ್ತು ಹಾಗಾದ್ರೆ."

"ಹಾಗಲ್ಲಮ್ಮ."

"ಬಿಲ್ಲಲ್ಲಿ ಹೆಸರಿದ್ರೆ ಅಂಗಡಿ ಇನ್ನೂ ಅವರದೇ ಅನ್ಸುತ್ತೆ ಕಣಪ್ಪ. ಇದರಲ್ಲಿ ನೋಡಿದ್ರೆ, ಅವರು ಇದ್ರೂ ಒಂದೇ ಹೋದ್ರೂ ಒಂದೇ ನಿಮಗೆ ಅನ್ಸುತ್ತೆ."

ಅಣ್ಣ ತಲೆ ತಗ್ಗಿಸಿದ. ಅಂಗಡಿಯಲ್ಲಿ ತಂಗಿಗೆ ತಾನು ಕೇಳಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ತಕ್ಕಡಿ ಅಕ್ಕನಿಗೆ ಎದೆ ಸ್ವಲ್ಪ ಹಗುರವಾಯಿತು. ಇನ್ನಾದರೂ ಬೇಕರಿಯಮ್ಮನಿಗೆ ತನ್ನ ಮೇಲಿನ ಕೋಪ ಹೋಗಿರಬೇಕು ಎಂದುಕೊಂಡು ಮುಖ ಎತ್ತಿದಳು. ಅವರು ಅವಳನ್ನೇ ನೋಡುತ್ತಿದ್ದರು, ಆ ನೋಟ ಒಂದಿಷ್ಟೂ ಮೆತ್ತಗಾಗಿರಲಿಲ್ಲ.

"ಇವನದು ಆಯ್ತು. ನಿಂದು ಹೇಳು."

"ನನಗೆ ಗೊತ್ತಿರ್ಲಿಲ್ಲಮ್ಮ."

"ಅದಲ್ಲ. ನಿನ್ನ ಕಾರ್ಡೆಲ್ಲಿ? ಈ ತಿಂಗಳು ಪೂರ್ತಿ ಅಂಚೆಯವನ ದಾರಿ ನೋಡಿದ್ದೀನಿ. ಅವರು ತೀರ್ಕೊಂಡ ವರ್ಷ, ಇವಳು ಏನು ಬರೀತಾಳೋ ಅಂತ. ಯಾರು ಯಾರೋ ಏನೇನೋ ಬರೆದ್ರು. ನಾನು ಕಾದಿದ್ದು ನಿಂದಕ್ಕೆ. ಅಂಚೆಯವನು ಕವರ್ ಕೊಟ್ಟಾಗ ಕೈ ಒರೆಸಿಕೊಂಡು, ಒಳಗೆ ಹೋಗಿ ಕೂತು ಒಡೆದೆ ಗೊತ್ತಾ? ಕೂತು ಒಡೆದೆ." ಅವರ ಧ್ವನಿ ಏರಲಿಲ್ಲ, ಆದರೆ ಬಟ್ಟೆ ಹಿಡಿದ ಕೈ ಗಾಜಿನ ಮೇಲೆ ಒಂದೇ ಜಾಗವನ್ನು ಉಜ್ಜುತ್ತಿತ್ತು. "ನೀನು ಹೊತ್ತಿಗೆ ಸರಿಯಾಗಿ ಬರೆದು ಕಳಿಸಿದ್ರೆ, ಇದು ಬಂದಾಗ ನಾನು ನಕ್ಕು ಒಲೆಗೆ ಹಾಕ್ತಿದ್ದೆ. ಇವನದು ಮೊದಲು ಬಂತು, ಅದಕ್ಕೇ ಉರಿದು ಹೋಯ್ತು."

ತಕ್ಕಡಿ ಅಕ್ಕ ಇಷ್ಟು ದಿನ ಅಣ್ಣನ ಮೇಲೆ, ಪ್ರೆಸ್ಸಿನವನ ಮೇಲೆ, ಎಂದೋ ಅಪ್ಪನಿಗೆ ಕಾರ್ಡು ಕಳಿಸಿದ ಆ ಕಂಪನಿಯ ಮೇಲೆ ಸುರಿದಿದ್ದ ಕೋಪವೆಲ್ಲ ಒಟ್ಟಾಗಿ ತನ್ನ ಕಡೆಗೇ ಹೊರಳಿ ನಿಂತಿತು. ಚೀಲದೊಳಗೆ ಕೈ ಹಾಕಿ ಬಿಳಿ ಕಾರ್ಡು ತೆಗೆದು ತೋರಿಸಿದಳು. ಮೂಲೆ ಮಡಚಿಹೋಗಿತ್ತು.

"ತಂದಿಟ್ಟು ಬಹಳ ದಿನ ಆಯ್ತಮ್ಮ. ಏನು ಬರೀಬೇಕೋ ತಿಳೀಲಿಲ್ಲ."

"ಖಾಲಿ ಕಾರ್ಡ್ ತೋರಿಸೋಕೆ ಬಂದ್ಯಾ? ಬರಿ. ಇಲ್ಲೇ ಬರಿ." ಬೇಕರಿಯಮ್ಮ ಕಿವಿಗೆ ಸಿಕ್ಕಿಸಿಕೊಂಡಿದ್ದ ಪೆನ್ನು ತೆಗೆದು ಗಾಜಿನ ಮೇಲೆ ಇಟ್ಟರು. ಅಷ್ಟರಲ್ಲಿ ಹೆಂಗಸೊಬ್ಬಳು ಬ್ರೆಡ್ಡು ಕೇಳಿಕೊಂಡು ಬಂದಳು, ಅವರು ಅತ್ತ ತಿರುಗಿದರು.

ಅವಳು ಬಿಲ್ಲುಗಳನ್ನು ಪಕ್ಕಕ್ಕೆ ಸರಿಸಿ ಕಾರ್ಡು ಬಿಡಿಸಿಟ್ಟಳು. ಮಣಿಕಟ್ಟು ಸೆಳೆಯುತ್ತಿತ್ತು. ಒಂದು ಸಾಲೂ ಹೊಳೆಯಲಿಲ್ಲ. ಎದುರಿಗೆ ಹೋದ ವರ್ಷದ ಕಾರ್ಡು, ಯಂತ್ರಕ್ಕೆ ಒರಗಿಕೊಂಡು, ಬಾಯಿ ಸ್ವಲ್ಪ ತೆರೆದು, ಒಳಗಿನ ಎರಡು ತಟ್ಟೆ ಕಾಣಿಸುತ್ತ ನಿಂತಿತ್ತು. ಪಕ್ಕದಲ್ಲಿ ಅಣ್ಣ ಏನು ಮಾಡುವುದೆಂದು ತೋಚದೆ, ಯಾರೂ ಹೇಳದಿದ್ದರೂ, ಆ ಯಂತ್ರದ ತಟ್ಟೆ ಎತ್ತಿ ಒಳಗಿನ ಹಿಟ್ಟನ್ನು ಬ್ರಷ್ಷಿನಿಂದ ಗುಡಿಸತೊಡಗಿದ್ದ. ಕಾರ್ಡು ಬೀಳದ ಹಾಗೆ ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡಿದ್ದ.

ಅವಳು ಅದನ್ನು ನೋಡಿದಳು. ಆಮೇಲೆ ಬರೆದಳು.

ಬ್ರೆಡ್ಡಿನವಳು ಹೋದಳು. ಬೇಕರಿಯಮ್ಮ ಬಂದು, ಕನ್ನಡಕ ಏರಿಸಿಕೊಂಡು, ಅಲ್ಲೇ ನಿಂತು ಓದಿದರು. ಕಾರ್ಡಿನಲ್ಲಿ ಇದ್ದದ್ದು ಇಷ್ಟು: "ಎಡಗಡೆ ತಟ್ಟೆ ಕೆಳಗಿದೆ ಎಂದು ಫೋನು ಮಾಡುವವರು ಈ ವರ್ಷ ಇಲ್ಲ. ಆ ಫೋನಿಗಾಗಿಯೇ ನಾನು ಕಾರ್ಡು ಬರೆಯುತ್ತಿದ್ದೆ ಎಂದು ಈಗ ಅನಿಸುತ್ತಿದೆ." ಕೆಳಗೆ ಸಹಿ, ನೋವಿನ ಕೈಯಲ್ಲಿ ಎಳೆದ ಸೊಟ್ಟ ಗೆರೆ, ಎರಡು ತಟ್ಟೆ.

ಅವರು ಬಹಳ ಹೊತ್ತು ಓದಿದರು. ಆಮೇಲೆ ಕಾರ್ಡನ್ನು ದೂರ ಹಿಡಿದು, ಹತ್ತಿರ ಹಿಡಿದು, ಮೂಗು ಸೆಳೆದುಕೊಂಡರು.

"ಈ ಸಲ ಬಲಗಡೆದು ಕೆಳಗಿದೆ" ಎಂದರು.

ಅಷ್ಟೇ. ಬಿಳಿ ಕಾರ್ಡನ್ನು ಗಲ್ಲಾಪೆಟ್ಟಿಗೆಯ ಡ್ರಾಯರಿನೊಳಗೆ ಹಾಕಿ ಮುಚ್ಚಿದರು. ಯಂತ್ರದ ಪಕ್ಕದ ಹಳೆಯದನ್ನು ತೆಗೆಯಲಿಲ್ಲ. ಹೊಳೆಯುವ ಕಾರ್ಡನ್ನು ಮಾತ್ರ ಎತ್ತಿ ಅಣ್ಣನ ಮುಂದೆ ಹಿಡಿದರು. "ಇದು ನಿಂದು. ನೀನು ತಗೊಂಡು ಹೋಗು. ಒಲೆಗೆ ಹಾಕೋಣ ಅಂತಿದ್ದೆ, ಅವರ ಹೆಸರಿದೆ, ಹಾಕೋಕಾಗ್ಲಿಲ್ಲ. ಅದೂ ನಿನ್ನ ತಲೆಗೇ ಇರ್ಲಿ." ಅಣ್ಣ ಎರಡೂ ಕೈ ಅಂಗಿಗೆ ಒರೆಸಿಕೊಂಡು ತೆಗೆದುಕೊಂಡ. "ಮತ್ತೆ ಯಂತ್ರಕ್ಕೆ ಕೈ ಹಾಕಿದ್ದೀಯಲ್ಲ, ಇದಕ್ಕೆ ಬಿಲ್ ಕಳಿಸು. ಪೂರ್ತಿ ಬಿಲ್ಲು. ನಿನ್ನ ರಿಯಾಯಿತಿ ನನಗೆ ಬೇಡ."

"ಹೆಸರು?" ಎಂದು ಕೇಳಿಬಿಟ್ಟ ಅಣ್ಣ.

"ಅವರದೇ" ಎಂದರು ಬೇಕರಿಯಮ್ಮ.

ವಾಪಸು ಬರುವಾಗ ಇಬ್ಬರೂ ಅಕ್ಕಪಕ್ಕ ನಡೆದರು. ಅಣ್ಣನ ಅಂಗಿ ಜೇಬಿನಿಂದ ಕಾರ್ಡಿನ ಬಂಗಾರದ ಅಂಚು ಇಣುಕುತ್ತಿತ್ತು. ಪ್ರತಿ ಹೆಜ್ಜೆಗೂ ಅದು ಬಿಸಿಲಿಗೆ ಮಿಂಚಿ ಅವಳ ಕಣ್ಣು ಚುಚ್ಚುತ್ತಿತ್ತು.

"ನನಗೆ ಇನ್ನೂ ಕೋಪ ಹೋಗಿಲ್ಲ" ಎಂದಳು.

"ಗೊತ್ತು."

"ಉಳಿದವರಿಗೆಲ್ಲ ನಾನು ಇನ್ನೊಂದು ಸಲ ಕೈಯಲ್ಲೇ ಬರೀತೀನಿ. ವಿಳಾಸ ನೀನು ಬರೀಬೇಕು. ಒಂದೊಂದನ್ನೂ ನೋಡಿ ಬರೀಬೇಕು. ಯಾರಿದ್ದಾರೆ ಯಾರಿಲ್ಲ ಅಂತ ನನ್ನನ್ನ ಕೇಳಿ ಬರೀಬೇಕು."

"ಬರೀತೀನಿ."

"ಅದನ್ನ ಎಲ್ಲಿಡ್ತೀಯ?" ಎಂದು ಅವನ ಜೇಬಿನ ಕಡೆ ಗಲ್ಲ ಎತ್ತಿ ತೋರಿಸಿದಳು.

ಅಣ್ಣ ಜೇಬು ಮುಟ್ಟಿ ನೋಡಿಕೊಂಡ. "ಸಕ್ಕರೆ ಡಬ್ಬಿ ಪಕ್ಕ" ಎಂದ.

"ಅಲ್ಲಿಟ್ರೆ ದಿನಾ ಕಣ್ಣಿಗೆ ಬೀಳುತ್ತೆ. ದಿನಾ ಹೊಟ್ಟೆ ಉರಿಯುತ್ತೆ."

"ಉರೀಲಿ. ನನಗೂ ಬೀಳುತ್ತಲ್ಲ."

 ಅಮ್ಮ ಆ ಕಾರ್ಡನ್ನು ಅಲ್ಲಿ ಯಾಕೆ ಇಟ್ಟಿದ್ದಳು ಎಂಬುದರ ಬಗ್ಗೆ ಅವರಿಬ್ಬರೂ ಆಮೇಲೆ ಎಂದೂ ಜಗಳವಾಡಲಿಲ್ಲ, ಒಪ್ಪಿಕೊಳ್ಳಲೂ ಇಲ್ಲ. ಈಗಲೂ ಆ ಮನೆಯ ಅಡುಗೆಮನೆಗೆ ಹೋದರೆ ಸಕ್ಕರೆ ಡಬ್ಬಿಯ ಪಕ್ಕ ಬಂಗಾರದ ಅಂಚಿನ ಕಾರ್ಡೊಂದು ನಿಂತಿರುವುದು ಕಾಣುತ್ತದೆ. ತಕ್ಕಡಿ ಅಕ್ಕ ಚಹಾ ಮಾಡಲು ಹೋದಾಗಲೆಲ್ಲ ಅದನ್ನು ನೋಡಿ ಹಲ್ಲು ಕಚ್ಚುತ್ತಾಳೆ, ಅತ್ತಿಗೆ ಮಾಡುವುದಕ್ಕಿಂತ ಒಂದು ಚಮಚ ಹೆಚ್ಚೇ ಸಕ್ಕರೆ ಸುರಿಯುತ್ತಾಳೆ. ಒರೆಸಲೆಂದು ಅತ್ತಿಗೆ ಅದನ್ನು ಎತ್ತಿದರೆ, ಅಣ್ಣ ತಂಗಿ ಇಬ್ಬರೂ ಒಂದೇ ಸಲ ಬೇರೆ ಬೇರೆ ಕೋಣೆಯಿಂದ, "ಅಲ್ಲೇ ಇಡು" ಎನ್ನುತ್ತಾರೆ.